ಗೂಡಿನ ರೇಟು ನೋಡಿ ಸೊಪ್ಪು ಕೊಯ್ಯಬೇಡಿ, ಗಿಡ ನೋಡಿ ಕೊಯ್ಯಿರಿ

ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ರೇಟು ಏರಿದ ವಾರ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಅಣ್ಣಾ, ಕಡ್ಡಿಗೆ ಮೂವತ್ತೈದು ದಿನ ಆಗಿದೆ. ಚಾಕಿ ಹುಳು ಸಿಗ್ತಾ ಇದೆ. ತಂದುಬಿಡ್ಲಾ?" ನನ್ನ ಉತ್ತರವೂ ಒಂದೇ: ಬೇಡಪ್ಪಾ. ಈ ಉತ್ತರ ಕೇಳಿ ಬೇಜಾರಾದವರು ಬಹಳ ಜನ ಇದ್ದಾರೆ. ಅವರಿಗೆ ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಈ ವಾರ ಬರೆದೇ ಹೇಳ್ತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನೀರಾವರಿ ಇರುವ ಹಿಪ್ಪುನೇರಳೆ ತೋಟದ ಒಂದೇ ಗಿಡದಿಂದ ವರ್ಷಕ್ಕೆ ಐದು ಕಟಾವಿಗಿಂತ ಹೆಚ್ಚು ತೆಗೆಯಬಾರದು. ಆರನೆಯದಕ್ಕೆ ಕೈ ಹಾಕಿದವರು ಮುಂದಿನ ವರ್ಷದ ಸೊಪ್ಪನ್ನು ಈ ವರ್ಷವೇ ತಿಂದ ಹಾಗೆ. ಬೆಳೆ ಹೆಚ್ಚಿಸಬೇಕು ಅಂದ್ರೆ ದಾರಿ ಬೇರೆ ಇದೆ, ಅದನ್ನೂ ಕೆಳಗೆ ಬರೀತೀನಿ.

ಮೊದಲು ಗಿಡದ ಒಳಗೆ ಏನು ನಡೆಯುತ್ತೆ ಅಂತ ನೋಡಿ. ಕಡ್ಡಿ ಕೊಯ್ದ ದಿನ ಬುಡದಲ್ಲಿ ಒಂದು ಎಲೆಯೂ ಇರಲ್ಲ. ಎಲೆ ಇಲ್ಲ ಅಂದ್ರೆ ಗಿಡಕ್ಕೆ ಅಡುಗೆಮನೆಯೇ ಇಲ್ಲ. ಆದರೂ ಏಳೆಂಟು ದಿನಕ್ಕೆ ಚಿಗುರು ಒಡೆಯುತ್ತೆ. ಎಲ್ಲಿಂದ? ಬೇರಲ್ಲಿ, ಬುಡದಲ್ಲಿ ಕೂಡಿಟ್ಟ ಪಿಷ್ಟದಿಂದ. ಮೊದಲ ಮೂರು ವಾರ, ಹೆಚ್ಚು ಕಡಿಮೆ ಒಂದು ತಿಂಗಳು, ಗಿಡ ಉಳಿತಾಯದ ದುಡ್ಡಲ್ಲೇ ಸಂಸಾರ ಮಾಡ್ತಿರುತ್ತೆ. ಎಲೆ ಬಲಿತು, ಅಗಲವಾಗಿ, ಬಿಸಿಲು ಹಿಡಿದು ತನ್ನ ಖರ್ಚಿಗಾಗಿ ಮಿಕ್ಕಿದ್ದನ್ನು ಬೇರಿಗೆ ಇಳಿಸೋದು ಆಮೇಲೆ. ನೀವು ಮೂವತ್ತೈದಕ್ಕೋ ನಲವತ್ತಕ್ಕೋ ಕೊಯ್ಯೋಕೆ ಶುರು ಮಾಡಿದ್ರೆ, ಗಿಡ ಸಾಲ ತೀರಿಸೋಕೆ ಶುರು ಮಾಡಿದ ಹೊತ್ತಿಗೆ ಮತ್ತೆ ಸಾಲಕ್ಕೆ ತಳ್ಳಿದ ಹಾಗೆ. ಒಂದು ಸಲ ತಡೆದುಕೊಳ್ಳುತ್ತೆ, ಎರಡು ಸಲವೂ ತಡೆದುಕೊಳ್ಳಬಹುದು. ಹಿಪ್ಪುನೇರಳೆ ಗಟ್ಟಿ ಗಿಡ. ಅದೇ ನಮಗೆ ಮೋಸ ಮಾಡೋದು: ಟೊಮೆಟೊ ಹಾಗೆ ತಕ್ಷಣ ಬಾಡಿ ತೋರಿಸಲ್ಲ, ವರ್ಷ ಒಂದೂವರೆ ವರ್ಷ ಆದ ಮೇಲೆ ಸುಸ್ತು ಕಾಣಿಸುತ್ತೆ. ಅಷ್ಟರಲ್ಲಿ ನಾವು "ಮಣ್ಣು ಕೆಟ್ಟಿದೆ", "ಯೂರಿಯಾ ಸರಿಯಿಲ್ಲ" ಅಂತ ಬೇರೆ ಕಾರಣ ಹುಡುಕ್ತಿರ್ತೀವಿ.

ಇದು ಬರೀ ರೇಷ್ಮೆ ಕಡ್ಡಿಯ ಕಥೆ ಅಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ವೇಕ್‌ಫೀಲ್ಡ್ ಊರಿನ ಸುತ್ತ ರೂಬಾರ್ಬ್ ಅಂತ ಒಂದು ಬೆಳೆ ಬೆಳೀತಾರೆ. ಹುಳಿ ದಂಟು, ಸಕ್ಕರೆ ಹಾಕಿ ಬೇಯಿಸಿ ತಿಂತಾರೆ. ಎಲೆ ಮಾತ್ರ ವಿಷ. ಅಲ್ಲಿನ ರೈತರು ಆ ಗಿಡವನ್ನು ಎರಡು ವರ್ಷ ಒಂದು ದಂಟೂ ಕೀಳದೆ ಹೊಲದಲ್ಲಿ ಬಿಟ್ಟು ಬೇರು ದಪ್ಪ ಮಾಡಿಸ್ತಾರೆ. ಆಮೇಲೆ ಚಳಿಗಾಲದಲ್ಲಿ ಬೇರು ಸಮೇತ ಎತ್ತಿ, ಬೆಚ್ಚಗಿನ ಕತ್ತಲೆ ಶೆಡ್‌ನಲ್ಲಿ ಇಡ್ತಾರೆ. ಬೆಳಕೇ ಇಲ್ಲದ ಕಡೆ ದಂಟು ಸರಸರ ಬೆಳೆಯುತ್ತೆ. ಬೆಳಕು ಬಿದ್ದರೆ ದಂಟು ಒರಟಾಗುತ್ತೆ ಅಂತ ಮೇಣದಬತ್ತಿ ಹಿಡಿದು ಕೊಯ್ತಾರೆ. ಆ ದಂಟಿನ ಪ್ರತಿ ಗ್ರಾಂ ಕೂಡ ಬೇರಿನ ಉಳಿತಾಯದಿಂದ ಬಂದದ್ದು. ಸೀಸನ್ ಮುಗಿದಾಗ ಬೇರು ಖಾಲಿ, ಅದನ್ನು ಗೊಬ್ಬರಕ್ಕೆ ಎಸೀತಾರೆ. ಮನೆ ಹಿತ್ತಲಲ್ಲಿ ರೂಬಾರ್ಬ್ ಬೆಳೆಯುವವರು ಹಾಗೆ ಮಾಡಲ್ಲ. ನೆಟ್ಟ ವರ್ಷ ಕೀಳೋದೇ ಇಲ್ಲ, ಆಮೇಲಿನ ವರ್ಷಗಳಲ್ಲೂ ಬೇಸಿಗೆಯ ನಡುವೆ ಕೀಳೋದು ನಿಲ್ಲಿಸಿ ಎಲೆಗಳನ್ನು ಗಿಡಕ್ಕೇ ಬಿಡ್ತಾರೆ. ಒಂದೇ ಗಿಡ, ಎರಡು ಲೆಕ್ಕ. ಶೆಡ್‌ನವರಿಗೆ ಬೇರು ಎಸೆಯೋದು ಗೊತ್ತಿದ್ದೇ ಮಾಡುವ ವ್ಯಾಪಾರ. ನಾವು ಹದಿನೈದು ವರ್ಷ ಬಾಳಬೇಕಾದ ತೋಟವನ್ನು ಶೆಡ್‌ನವರ ಲೆಕ್ಕದಲ್ಲಿ ಕೊಯ್ದು, ಹಿತ್ತಲಿನವರ ಫಲ ಕೇಳ್ತೀವಿ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ನಮ್ಮದು ಒಂದು ಎಕರೆ ವಿ-1. ಚೆನ್ನಾಗಿ ನೋಡಿಕೊಂಡು ಎಪ್ಪತ್ತು ದಿನದ ಅಂತರದಲ್ಲಿ ಕೊಯ್ದರೆ ಒಂದು ಬೆಳೆಗೆ 250 ಮೊಟ್ಟೆ ಹುಳು ಮೇಯುವಷ್ಟು ಸೊಪ್ಪು ಬರುತ್ತೆ. ಐದು ಬೆಳೆಗೆ 1250. ಅದೇ ತೋಟವನ್ನು ಐವತ್ತು ದಿನಕ್ಕೇ ಕೊಯ್ದರೆ ವರ್ಷಕ್ಕೆ ಏಳು ಬೆಳೆ ಅಂತ ಹಿಡಿಯಿರಿ. ಆದರೆ ಐವತ್ತು ದಿನದ ಕಡ್ಡಿಯಲ್ಲಿ ಸೊಪ್ಪಿನ ತೂಕ ಎಲ್ಲಿಂದ ಬರಬೇಕು? 170 ಮೊಟ್ಟೆಗೆ ಸಾಲುವಷ್ಟು ಆಯ್ತು ಅಂದ್ರೂ ಏಳು ಬೆಳೆಗೆ 1190. ಎರಡು ಬೆಳೆ ಹೆಚ್ಚು ತೆಗೆದು ಮೊಟ್ಟೆ ಮಾತ್ರ ಕಮ್ಮಿ! ಜೊತೆಗೆ ಎರಡು ಸಲ ಹೆಚ್ಚಿಗೆ ಹುಳು ಮನೆ ತೊಳೆದು ಸೋಂಕು ನಿವಾರಣೆ ಮಾಡಬೇಕು, ಎರಡು ಸಲ ಹೆಚ್ಚಿಗೆ ಚಂದ್ರಿಕೆ ಹಾಕಬೇಕು, ಗೂಡು ಬಿಡಿಸೋಕೆ ಕೂಲಿಯವರನ್ನು ಕರೀಬೇಕು, ಮಾರ್ಕೆಟ್ಟಿಗೆ ಗಾಡಿ ಬಾಡಿಗೆ ಕೊಡಬೇಕು. ಇದೆಲ್ಲ ಮೊದಲ ವರ್ಷದ ಲೆಕ್ಕ. ಎರಡನೇ ವರ್ಷ ಆ 170 ಅಲ್ಲೇ ನಿಲ್ಲಲ್ಲ, ಇಳಿಯುತ್ತೆ. ನಿಮ್ಮ ತೋಟದ ಅಂಕಿ ಬೇರೆ ಇರಬಹುದು. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮದೇ ಅಂಕಿ ಹಾಕಿ ನೋಡಿ.

ಇನ್ನು ಹುಳುವಿನ ಕಡೆಯಿಂದ. ಒಂದು ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ತಿನ್ನೋದು ಕೊನೆಯ, ಅಂದ್ರೆ ಐದನೇ ಹಂತದಲ್ಲಿ. ಚಾಕಿ ಹುಳುವಿಗೆ ಎಳೆ ಸೊಪ್ಪು ಬೇಕು, ಸರಿ. ಆದರೆ ನಾಲ್ಕನೇ ಜ್ವರ ಎದ್ದ ಹುಳುವಿಗೆ ಎಳೆ ಸೊಪ್ಪು ಕೊಟ್ಟರೆ ನೀರು ಜಾಸ್ತಿ, ಸತ್ವ ಕಮ್ಮಿ. ಹಾಸಿಗೆ ತೇವ ಆಗುತ್ತೆ, ಹಾಲುತೊಂಡೆ ರೋಗಕ್ಕೂ ಸಪ್ಪೆ ರೋಗಕ್ಕೂ ಅನುಕೂಲ. ಗೂಡು ಕಟ್ಟಿದರೂ ತೆಳು. ರೇಟು ಚೆನ್ನಾಗಿದೆ ಅಂತ ಅವಸರ ಮಾಡಿ, ಹರಾಜಿನಲ್ಲಿ ನಿಮ್ಮ ಲಾಟನ್ನು ರೀಲರು ಕೈಯಲ್ಲಿ ಹಿಡಿದು, ಅಮುಕಿ ನೋಡಿ ಮುಂದೆ ಹೋದರೆ ಏನು ಬಂತು? ಫೋನಲ್ಲಿ ಕಾಣುವ ಗರಿಷ್ಠ ರೇಟು ಯಾರದೋ ಗಟ್ಟಿ ಗೂಡಿನದು.

ಹಾಗಂತ ತೊಂಬತ್ತು ದಿನ ಬಿಟ್ಟರೆ ಇನ್ನೂ ಒಳ್ಳೇದು ಅಂತಲ್ಲ. ಕೆಳಗಿನ ಎಲೆ ಹಳದಿ ಆಗಿ ಉದುರೋಕೆ ಶುರು ಆದ್ರೆ ಹುಳುವಿನ ಮಟ್ಟಿಗೆ ಆ ಸೊಪ್ಪಿನ ಕಾಲ ಮುಗೀತಾ ಬಂತು. ಎಲೆ ಒರಟಾಗಿ ನೀರಿನಂಶ ಇಳಿದ ಮೇಲೆ ಹುಳು ಮೂಸಿ ಬಿಡುತ್ತೆ. ಹುಳುವಿಗೆ ಸರಿಯಾದ ಕಾಲ, ಗಿಡಕ್ಕೆ ಸಾಕಾಗುವ ಕಾಲ ಎರಡೂ ಸೇರುವ ಜಾಗ ಅರವತ್ತರಿಂದ ಎಪ್ಪತ್ತು ದಿನದ ನಡುವೆ ಇದೆ. ಮಳೆಗಾಲದಲ್ಲಿ ಅರವತ್ತಕ್ಕೇ ಕಡ್ಡಿ ತಯಾರಾಗಬಹುದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಚಿಗುರೇ ನಿಧಾನ, ಆಗ ಎಪ್ಪತ್ತು ದಾಟಿದರೂ ತಪ್ಪಿಲ್ಲ. ದಿನ ಎಣಿಸೋದು ಒಂದು ಅಂದಾಜಿಗೆ, ಕೊನೆ ತೀರ್ಮಾನ ಕಡ್ಡಿ ನೋಡಿ.

ಯುವಕರು ಎಡವುವ ಜಾಗ ಇನ್ನೊಂದು ಇದೆ: ಚಾಕಿ ಬುಕ್ ಮಾಡುವ ದಿನ. ಕಟಾವಿನ ದಿನವನ್ನು ನೀವು ತೀರ್ಮಾನ ಮಾಡೋದು ಸೊಪ್ಪು ಕೊಯ್ಯುವಾಗ ಅಲ್ಲ, ಚಾಕಿ ಕೇಂದ್ರಕ್ಕೆ ಫೋನ್ ಮಾಡುವಾಗ. ಹುಳು ಮನೆಗೆ ಬಂದ ಮೇಲೆ ಅದು ಕಾಯಲ್ಲ. ಎರಡನೇ ಜ್ವರ ಮುಗಿಸಿ ಬಂದ ದ್ವಿತಳಿ ಹುಳು ಹಣ್ಣಾಗೋಕೆ ಸುಮಾರು ಹದಿನಾರು ಹದಿನೇಳು ದಿನ. ಅದರಲ್ಲಿ ಕೊನೆಯ ಏಳೆಂಟು ದಿನವೇ ತೋಟ ಖಾಲಿ ಮಾಡೋದು. ಹಾಗಾಗಿ ಕಡ್ಡಿಗೆ ಐವತ್ತು ದಿನ ಆದಾಗ ಹುಳು ಮನೆಗೆ ಬಂದರೆ, ದೊಡ್ಡ ಮೇವು ಬೇಕಾಗೋದು ಅರವತ್ತನೇ ದಿನದ ಹೊತ್ತಿಗೆ. ಲೆಕ್ಕ ಸರಿಹೋಗುತ್ತೆ. ಇದರಿಂದ ಹಿಂದಕ್ಕೆ ಎಣಿಸಿ: ಚಾಕಿ ಕೇಂದ್ರದಲ್ಲಿ ಮೊಟ್ಟೆ ಒಡೆದು ಚಾಕಿ ಕಟ್ಟುವ ದಿನ ನಿಮ್ಮ ಕಡ್ಡಿಗೆ ನಲವತ್ತರ ಆಸುಪಾಸು ಇರಬೇಕು. ಬುಕಿಂಗ್ ಅದಕ್ಕಿಂತ ಮೊದಲೇ ಆಗಿರಬೇಕು. ಕಟಾವು ಮುಗಿದ ದಿನವೇ ಫೋನಿನ ಕ್ಯಾಲೆಂಡರ್‌ನಲ್ಲಿ ಎರಡು ಅಲಾರಂ ಇಡಿ, ಒಂದು ಗೊಬ್ಬರಕ್ಕೆ, ಒಂದು ಚಾಕಿಗೆ. ರೇಟು ನೋಡೋಕೆ ದಿನಕ್ಕೆ ಹತ್ತು ಸಲ ತೆಗೆಯುವ ಫೋನು ಇಷ್ಟು ಕೆಲಸವನ್ನಾದರೂ ಮಾಡಲಿ.

ಸಾಲುಗಳ ವಿಷಯ ಸಣ್ಣದು ಅನ್ನಿಸುತ್ತೆ, ಆದರೆ ಸಣ್ಣದಲ್ಲ. ಒಂದು ಎಕರೆ ತೋಟ ಒಂದೇ ದಿನ ಕೊಯ್ದು ಮುಗಿಯಲ್ಲ, ಹದಿನೈದು ದಿನ ಹಿಡಿಯುತ್ತೆ. ಈ ಸಲ ದಾರಿ ಪಕ್ಕದಿಂದ ಶುರು ಮಾಡಿ, ಮುಂದಿನ ಸಲ ಬೋರ್‌ವೆಲ್ ಪಕ್ಕದಿಂದ ಶುರು ಮಾಡಿದ್ರೆ ಏನಾಗುತ್ತೆ? ಕೊನೆಗೆ ಕೊಯ್ದ ಸಾಲು ಮುಂದಿನ ಸಲ ಮೊದಲು ಬರುತ್ತೆ. ಅದಕ್ಕೆ ಸಿಕ್ಕಿದ್ದು ಐವತ್ತು ದಿನ, ದಾರಿ ಪಕ್ಕದ ಸಾಲಿಗೆ ಎಂಬತ್ತು. ಒಂದೇ ತೋಟದಲ್ಲಿ ಎಳೆ ಸೊಪ್ಪೂ ಮುದಿ ಸೊಪ್ಪೂ ಒಟ್ಟಿಗೆ. ಪ್ರತಿ ಸಲ ಒಂದೇ ಕಡೆಯಿಂದ ಶುರು ಮಾಡಿ, ಒಂದೇ ಕಡೆ ಮುಗಿಸಿ. ಕೂಲಿಯವರಿಗೆ ಹತ್ತಿರ ಅನ್ನೋ ಕಾರಣಕ್ಕೆ ಮಧ್ಯದಲ್ಲಿ ಕೊಯ್ಯೋಕೆ ಬಿಡಬೇಡಿ. ಬೆಳೆ ಮುಗಿದಾಗ ಅಲ್ಲಲ್ಲಿ ನಾಲ್ಕು ಸಾಲು ಉಳಿದಿದ್ದರೆ ಅದನ್ನೂ ಆಗಲೇ ಕೊಯ್ದು ಸಮ ಮಾಡಿ. ದನ ಕುರಿ ಇದ್ದವರಿಗೆ ಅದು ಮೇವು.

ಕೊಯ್ಯುವ ರೀತಿಯ ಬಗ್ಗೆ ಹೆಚ್ಚು ಹೇಳಲ್ಲ. ಕುಡುಗೋಲು, ಕತ್ತರಿ, ಈಗೀಗ ಬ್ರಷ್ ಕಟರ್, ಯಾವುದಾದರೂ ಸರಿ, ಹರಿತ ಇರಬೇಕು. ಮೊಂಡು ಬ್ಲೇಡು ಬುಡವನ್ನು ಸೀಳುತ್ತೆ, ತೊಗಟೆ ಸುಲಿಯುತ್ತೆ, ಅಲ್ಲಿಂದ ರೋಗ ಒಳಗೆ ಹೋಗುತ್ತೆ. ಸುಸ್ತಾದ ಗಿಡಕ್ಕೇ ಬೇರು ಕೊಳೆ ರೋಗ ಬೇಗ ಹಿಡಿಯೋದು. ಎಲೆ ಇದ್ದಕ್ಕಿದ್ದ ಹಾಗೆ ಬಾಡಿ, ಗಿಡ ಎಳೆದರೆ ಸುಲಭವಾಗಿ ಬಂದು, ಬೇರಿನ ಸಿಪ್ಪೆ ಕೈಗೆ ಬಂದರೆ ಆ ಗಿಡವನ್ನು ಬೇರು ಸಮೇತ ತೆಗೆದು ಸುಟ್ಟುಬಿಡಿ. ತಡ ಮಾಡದೆ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರನ್ನು ತೋಟಕ್ಕೆ ಕರೆಸಿ. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ ಔಷಧಿ ಕೇಳುವ ಕಾಯಿಲೆ ಇದಲ್ಲ.

ತೋಟ ಸುಸ್ತಾಗಿದೆ ಅಂತ ಹೇಗೆ ತಿಳಿಯೋದು? ಏಳೆಂಟು ದಿನಕ್ಕೆ ಒಡೆಯುತ್ತಿದ್ದ ಚಿಗುರು ಹನ್ನೆರಡು ಹದಿನೈದು ದಿನ ತಗೊಳ್ಳುತ್ತೆ. ಒಂದು ಬುಡಕ್ಕೆ ಬರುತ್ತಿದ್ದ ಕಡ್ಡಿಗಳ ಸಂಖ್ಯೆ ಕಮ್ಮಿ, ಬಂದದ್ದೂ ಬೆರಳಿನಷ್ಟು ದಪ್ಪ ಇರಲ್ಲ. ಎಲೆ ಅಂಗೈಗಿಂತ ಚಿಕ್ಕದು. ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಬುಡ ಒಣಗಿರುತ್ತೆ. ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ ಮಾಡೋದು ಯೂರಿಯಾ ಜಾಸ್ತಿ ಹಾಕೋದು. ಎಲೆ ಹಸಿರಾಗುತ್ತೆ, ಕಣ್ಣಿಗೆ ಸಮಾಧಾನ. ಆದರೆ ಯೂರಿಯಾ ಪಿಷ್ಟ ಅಲ್ಲ, ಪಿಷ್ಟ ತಯಾರು ಮಾಡೋದು ಬಿಸಿಲು ಮತ್ತು ಬಲಿತ ಎಲೆ, ಅದಕ್ಕೆ ಬೇಕಾದ್ದು ದಿನಗಳು. ಯೂರಿಯಾ ಮೇಲೆ ಬಂದ ಮೆತ್ತನೆ ಸೊಪ್ಪು ಹುಳುವಿಗೂ ಕಷ್ಟ. ವಿ-1 ತಳಿಗೆ ವರ್ಷಕ್ಕೆ ಎಕರೆಗೆ 140 ಕೆಜಿ ಸಾರಜನಕ, 56 ಕೆಜಿ ರಂಜಕ, 56 ಕೆಜಿ ಪೊಟ್ಯಾಷ್, ಜೊತೆಗೆ 8 ಟನ್ ಕೊಟ್ಟಿಗೆ ಗೊಬ್ಬರ ಅನ್ನೋದು ಶಿಫಾರಸು. ಅದನ್ನು ಐದು ಬೆಳೆಗೆ ಹಂಚಿ, ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರ ಹೆಚ್ಚು ಕಮ್ಮಿ ಮಾಡಿ. ಕೊಯ್ದ ಮರುದಿನವೇ ಗೊಬ್ಬರ ಸುರಿಯಬೇಡಿ, ಚಿಗುರು ಬಂದು ಹದಿನೈದು ಇಪ್ಪತ್ತು ದಿನ ಆಗಲಿ. ಊಟ ಮಾಡೋಕೆ ಗಿಡಕ್ಕೆ ಎಲೆ ಇರಬೇಕಲ್ವಾ?

ಈಗಾಗಲೇ ಸುಸ್ತಾದ ತೋಟ ಇದ್ದರೆ ನನ್ನ ಸಲಹೆ ಒಂದು ಬೆಳೆ ಬಿಡಿ ಅನ್ನೋದೇ. ಕಹಿ ಮಾತು, ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬೋರ್‌ವೆಲ್ ಅರ್ಧ ಗಂಟೆ ಓಡಿ ಗಾಳಿ ಬಿಡೋಕೆ ಶುರು ಮಾಡಿದರೆ ಆ ಸಮಯದಲ್ಲಿ ಕಟಾವು ಮಾಡಲೇಬೇಡಿ. ನೀರಿಲ್ಲದೆ ಕೊಯ್ದ ಬುಡ ಬೇರಿನ ಕೊನೆ ಕಾಸನ್ನೂ ಖರ್ಚು ಮಾಡಿ ಚಿಗುರುತ್ತೆ, ಆ ಚಿಗುರನ್ನು ಬಿಸಿಲು ಮತ್ತು ನುಸಿ ಸೇರಿ ಮುಗಿಸುತ್ತವೆ. ಕಡ್ಡಿ ನಿಂತಿರಲಿ, ಎಲೆ ಉದುರಿದರೆ ಉದುರಲಿ, ಅದು ಮಣ್ಣಿಗೇ ಬೀಳೋದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬುಡ ಕಟಾವು ಮಾಡಿ, ಸಾಲಿನ ನಡುವೆ ಸೆಣಬು ಚೆಲ್ಲಿ. ನಲವತ್ತು ನಲವತ್ತೈದು ದಿನಕ್ಕೆ ಹೂ ಬರುವ ಹೊತ್ತಿಗೆ ಅದನ್ನು ಮಣ್ಣಿಗೆ ಸೇರಿಸಿ. ಕಡ್ಡಿಯನ್ನು ಮಾತ್ರ ಎಪ್ಪತ್ತೈದು ಎಂಬತ್ತು ದಿನದ ತನಕ ಮುಟ್ಟಬೇಡಿ. ಹೊಸ ತೋಟದವರೂ ಇದೇ ತಾಳ್ಮೆ ತೋರಿಸಬೇಕು. ಸಸಿ ನೆಟ್ಟು ಮೂರು ತಿಂಗಳಿಗೆ ಮೊಣಕಾಲೆತ್ತರ ಎಲೆ ಕಂಡರೆ ಕೈ ತುರಿಸುತ್ತೆ. ಆರು ತಿಂಗಳು ಬಿಡಿ. ಪೂರ್ತಿ ಇಳುವರಿಯನ್ನು ಮೊದಲ ವರ್ಷವೇ ಕೇಳಬೇಡಿ.

"ಅಣ್ಣಾ, ನಿಂಗೇನು, ಸಾಲದ ಕಂತು ನಂದು" ಅಂತ ಒಬ್ಬ ಹುಡುಗ ನೇರವಾಗೇ ಅಂದ. ಅವನ ಮಾತು ಸುಳ್ಳಲ್ಲ. ಕಂತು ಎಪ್ಪತ್ತು ದಿನಕ್ಕೊಂದು ಸಲ ಬರಲ್ಲ, ತಿಂಗಳು ತಿಂಗಳು ಬರುತ್ತೆ. ಇದಕ್ಕೆ ಉತ್ತರ ತೋಟವನ್ನು ಎರಡು ಭಾಗ ಮಾಡೋದು. ಎರಡು ಎಕರೆ ಇದ್ದರೆ ಎಕರೆಗೊಂದು, ಒಂದೇ ಎಕರೆ ಇದ್ದರೆ ಇಪ್ಪತ್ತು ಇಪ್ಪತ್ತು ಗುಂಟೆ. ಒಂದು ಭಾಗ ಕೊಯ್ದ ಮೂವತ್ತೈದು ದಿನಕ್ಕೆ ಇನ್ನೊಂದು. ಪ್ರತಿ ಭಾಗಕ್ಕೂ ಎಪ್ಪತ್ತು ದಿನ ಸಿಗುತ್ತೆ, ನಿಮಗೆ ವರ್ಷಕ್ಕೆ ಹತ್ತು ಬೆಳೆ. ಪ್ರತಿ ಬೆಳೆಯಲ್ಲೂ ಮೊಟ್ಟೆ ಕಮ್ಮಿ, ಆದ್ದರಿಂದ ಮನೆಯವರೇ ಸೇರಿ ಮಾಡಬಹುದು, ಕೂಲಿ ಉಳಿಯುತ್ತೆ. ರೇಟು ಬಿದ್ದ ವಾರ ಸಿಕ್ಕಿಬಿದ್ದರೂ ವರ್ಷದ ಹತ್ತರಲ್ಲಿ ಒಂದು ಬೆಳೆ ಮಾತ್ರ ಅದಕ್ಕೆ ಸಿಗೋದು. ಹುಳು ಮನೆಗೆ ಬೆಳೆ ಬೆಳೆಯ ನಡುವೆ ಹತ್ತು ಹದಿನೈದು ದಿನ ಬಿಡುವು ಸಿಗುತ್ತೆ, ತೊಳೆದು ಒಣಗಿಸೋಕೆ ಅಷ್ಟು ಬೇಕು. ನಾನು ಕಂಡ ಹಾಗೆ ಕಂತು ಸರಿಯಾಗಿ ಕಟ್ಟುತ್ತಿರುವ ಹುಡುಗರು ಬಹುತೇಕ ಹೀಗೆ ಎರಡು ಭಾಗ ಮಾಡಿಕೊಂಡವರೇ. ರೇಟಿನ ಹಿಂದೆ ಓಡಿದವರು ಅಲ್ಲ. ಮೂವತ್ತೈದನೇ ದಿನ ರೇಟು ನೋಡಿ ಹುಳು ತಂದರೂ ಗೂಡು ಮಾರ್ಕೆಟ್ಟಿಗೆ ಹೋಗೋಕೆ ಮೂರು ವಾರದ ಮೇಲೆ ಬೇಕು, ಅಷ್ಟರಲ್ಲಿ ರೇಟು ಎಲ್ಲಿರುತ್ತೋ ಯಾರು ಬಲ್ಲರು?

ಸೊಪ್ಪು ಮಾರುವವರಿಗೂ, ತೋಟ ಗುತ್ತಿಗೆ ಕೊಡುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಊರ ತೋಟವನ್ನು ಒಂದು ವರ್ಷದ ಗುತ್ತಿಗೆಗೆ ಕೊಡುವ ಯುವಕರು ಈಗ ಜಾಸ್ತಿ. ಗುತ್ತಿಗೆ ತಗೊಂಡವನಿಗೆ ನಿಮ್ಮ ಬೇರಿನ ಚಿಂತೆ ಯಾಕಿರುತ್ತೆ? ಅವನು ಯಾರ್ಕ್‌ಶೈರ್‌ನ ಶೆಡ್‌ನವನ ಲೆಕ್ಕದಲ್ಲಿ ಕೊಯ್ತಾನೆ, ಅವನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡಬಹುದು. ಬಾಯಿಮಾತಿನ ಕರಾರು ಬೇಡ. ವರ್ಷಕ್ಕೆ ಐದೇ ಕಟಾವು, ಎರಡು ಕಟಾವಿನ ನಡುವೆ ಕನಿಷ್ಠ ಅರವತ್ತೈದು ದಿನ, ಕೊಟ್ಟಿಗೆ ಗೊಬ್ಬರ ಯಾರು ಹಾಕಬೇಕು, ಗುತ್ತಿಗೆ ಬಿಡುವಾಗ ಕಡ್ಡಿಗೆ ಎಷ್ಟು ದಿನ ಆಗಿರಬೇಕು, ಇಷ್ಟನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ. ಪ್ರತಿ ಕಟಾವಿನ ದಿನ ಒಂದು ಫೋಟೋ ಕಳಿಸೋಕೆ ಹೇಳಿ, ದಿನಾಂಕ ಅದರಲ್ಲೇ ಇರುತ್ತೆ. ಸೊಪ್ಪನ್ನು ತೂಕಕ್ಕೆ ಮಾರುವವರು ಕೊಯ್ಯುವ ದಿನ ತಾವೇ ತೋಟದಲ್ಲಿ ನಿಂತಿರಬೇಕು. ಬಂದವರು ಒಳ್ಳೆ ಸಾಲು ಮಾತ್ರ ಕೊಯ್ದು, ಉಳಿದದ್ದನ್ನು ತುಳಿದು ಹೋಗೋದನ್ನು ನಾನು ನೋಡಿದ್ದೀನಿ.